ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅಪಾಯ

ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು ೧೯೦೨ರಲ್ಲಿ. ಅದೇ ಶಕ್ತಿಯಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು ೧೯೦೫ರಲ್ಲಿ. ಈಗ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಣ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದಲ್ಲಿ, ೨೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವೇ ಹರಡಿಕೊಂಡಿದೆ. ಶಕ್ತಿಯ ಉತ್ಪಾದನೆಯಲ್ಲಿ ನಾವು ಇಷ್ಟು ದೂರ ಬಂದಿದ್ದರೂ, ಅದೇ ಸೀಮೆಯ ಹಳೆಯ ಮಾಳಿಗೆಮನೆಗಳಲ್ಲಿ ಜಂತೆಯ ಮಗ್ಗುಲಿಗೆ ಬಡಿದ ಮರದ ಪಟ್ಟಿ, ಅದರ ಮೇಲೆ ನೂಲಿನ ಹೊದಿಕೆಯ ರಬ್ಬರ್ ತಂತಿ, ಬಾಗಿಲ ಮೇಲೆ ಪಿಂಗಾಣಿಯ ಫ್ಯೂಸು, ಇವು ಈಗಲೂ ಕಣ್ಣಿಗೆ ಬೀಳುವುದುಂಟು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಹಳೆಯ ಮನೆಗಳಲ್ಲಿಯೂ ವಠಾರಗಳಲ್ಲಿಯೂ ವಿದ್ಯುತ್ತು ಹೇಗೆ ಅಪಾಯಕಾರಿಯಾಗುತ್ತದೆ, ಆಗ ಮಾಡತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ರಬ್ಬರು ಚಿರಕಾಲ ಬಾಳುವ ವಸ್ತುವಲ್ಲ. ಗಾಳಿಯಲ್ಲಿನ ಆಮ್ಲಜನಕದಿಂದಲೂ ಶಾಖದಿಂದಲೂ ಅದು ವರ್ಷ ಕಳೆದಂತೆ ಗಡುಸಾಗಿ ಬಿರಿಯುತ್ತದೆ. ಬೆರಳಿನಿಂದ ಬಾಗಿಸಿದರೆ ಹುಡಿಹುಡಿಯಾಗಿ ಉದುರುತ್ತದೆ. ತಂತಿಯನ್ನು ಯಾರೂ ಅಲುಗಿಸದಿರುವವರೆಗೆ, ಗೋಡೆ ಒಣಗಿರುವವರೆಗೆ ಕೇಡು ಹೊರಗೆ ಕಾಣಿಸದು. ಬೇಸಗೆಯಲ್ಲಿ ಬಿರುಕುಬಿಟ್ಟ ಮಾಳಿಗೆಯ ಮಣ್ಣು ಮೊದಲ ಬಿರುಮಳೆಗೆ ಸೋರಿದಾಗ ಮಾತ್ರ ನೀರು ತೊಲೆಯ ಗುಂಟ ಇಳಿದು ತಂತಿಯನ್ನು ಸೇರುತ್ತದೆ. ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುವುದು ಈ ಸೋರಿಕೆಯ ಲಕ್ಷಣ. ಇದನ್ನು ಮನೆಯವರು ತಮಾಷೆಯೆಂದು ಎಣಿಸಿ ಒಬ್ಬರಿಗೊಬ್ಬರು ಮುಟ್ಟಿಸಿ ನೋಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ಮೇನ್ ಸ್ವಿಚ್ಚನ್ನು ಆ ಕ್ಷಣವೇ ಆರಿಸಬೇಕಾದ ಪ್ರಸಂಗವದು. ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ಕಂಬದಿಂದ ಬರುವ ಸರ್ವೀಸ್ ತಂತಿಯ ಆಧಾರಕ್ಕೆ ಕಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು. ಒದ್ದೆಬಟ್ಟೆ, ಒದ್ದೆಕೈ, ಬರಿಗಾಲು ಮೂರೂ ಅಲ್ಲಿ ಒಟ್ಟಿಗೆ ಸೇರುತ್ತವೆ.

ಶರೀರಕ್ಕೆ ಹಾನಿಮಾಡುವುದು ಅದರ ಮೂಲಕ ಹರಿಯುವ ಪ್ರವಾಹ. ಒಂದು ಆಂಪೇರಿನ ಸಾವಿರದಲ್ಲೊಂದು ಭಾಗವೇ ಮಿಲಿಆಂಪೇರು. ಸುಮಾರು ೧ ಮಿಲಿಆಂಪೇರು ಹರಿದರೆ ಚುರುಕು ತಿಳಿಯುತ್ತದೆ. ಸುಮಾರು ೧೦ ಮಿಲಿಆಂಪೇರು ದಾಟಿದರೆ ಹಿಡಿದ ತಂತಿಯನ್ನು ಬಿಡಲಾಗದು. ಏಕೆಂದರೆ ಬೆರಳನ್ನು ಮಡಿಸುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲವಾದವು. ‘ಕರೆಂಟು ಎಳೆದುಕೊಂಡಿತು’ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಎಳೆಯುವುದು ವಿದ್ಯುತ್ತಲ್ಲ, ಆ ಮನುಷ್ಯನ ಸ್ನಾಯುಗಳೇ. ೧೦೦ ಮಿಲಿಆಂಪೇರಿನಷ್ಟು ಪ್ರವಾಹವು ಎದೆಯ ಮೂಲಕ ಕೆಲವು ಸೆಕೆಂಡು ಹರಿದರೂ ಹೃದಯದ ತಾಳ ಕೆಟ್ಟು, ಅದು ರಕ್ತವನ್ನು ನೂಕಲಾರದೆ ಬರಿದೆ ಕಂಪಿಸತೊಡಗಬಹುದು. ಒದ್ದೆಯಾದ ದೇಹದ ರೋಧವನ್ನು ೧೦೦೦ ಓಂ ಎಂದಿಟ್ಟುಕೊಂಡರೆ, ನಮ್ಮ ಮನೆಗಳ ೨೩೦ ವೋಲ್ಟುಗಳು ಅದರಲ್ಲಿ ಹರಿಸುವ ಪ್ರವಾಹ ೨೩೦ ಮಿಲಿಆಂಪೇರು. ಲೆಕ್ಕ ಇಷ್ಟು ಸರಳವಾದುದು.

ಹಾಗಾದರೆ ಫ್ಯೂಸು ಇರುವುದೇಕೆ, ಭೂಸಂಪರ್ಕ ಇರುವುದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಸ್ತ್ರಿಪೆಟ್ಟಿಗೆಯ ಒಳಗಿನ ತಂತಿ ಕಳಚಿ ಅದರ ಲೋಹದ ಮೈಯನ್ನು ಮುಟ್ಟಿತೆನ್ನೋಣ. ಮೈಗೆ ಭೂಸಂಪರ್ಕವಿದ್ದರೆ ಪ್ರವಾಹವು ಭೂಮಿಗೆ ಹರಿದು, ಅದು ಅತಿಯಾಗಿ, ಫ್ಯೂಸು ಕರಗಿಹೋಗಬೇಕು. ಇದು ಪಠ್ಯಪುಸ್ತಕದ ಮಾತು. ಆದರೆ ಈ ನಾಲ್ಕು ತಾಲ್ಲೂಕುಗಳ ನೆಲವನ್ನು ನೋಡಿ. ಮಧುಗಿರಿಯ ಏಕಶಿಲಾ ಬೆಟ್ಟವೇ ಸಾರುವಂತೆ ಕೆಳಗಿರುವುದು ಗ್ರಾನೈಟು, ಅದರ ಮೇಲೆ ತೆಳುವಾದ ಮಣ್ಣು, ಮಳೆಯೂ ಅಲ್ಪ. ಮಣ್ಣಿನಲ್ಲಿ ವಿದ್ಯುತ್ತನ್ನು ಒಯ್ಯುವುದು ತೇವದಲ್ಲಿ ಕರಗಿದ ಲವಣಗಳು. ತೇವವಿಲ್ಲದ ಕಡೆ ಮಣ್ಣು ಬಹುಮಟ್ಟಿಗೆ ಅವಾಹಕ. ಮಳೆಗಾಲದಲ್ಲಿ ಕೆಲವೇ ಓಂಗಳಷ್ಟಿದ್ದ ಭೂಸಂಪರ್ಕದ ರೋಧ ಬೇಸಗೆಯಲ್ಲಿ ಹಲವು ಮಡಿ ಏರಬಲ್ಲುದು. ಅದು ೫೦ ಓಂ ಆಯಿತೆಂದುಕೊಳ್ಳಿ. ೨೩೦ನ್ನು ೫೦ರಿಂದ ಭಾಗಿಸಿದರೆ ೪.೬ ಆಂಪೇರು. ೧೫ ಆಂಪೇರಿನ ಫ್ಯೂಸು ಇದಕ್ಕೆ ಎಂದೆಂದಿಗೂ ಕರಗದು; ಇಸ್ತ್ರಿಪೆಟ್ಟಿಗೆಯ ಮೈ ಹೆಚ್ಚುಕಡಿಮೆ ಪೂರ್ಣ ವೋಲ್ಟೇಜಿನಲ್ಲಿಯೇ ಉಳಿದುಬಿಡುತ್ತದೆ. ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ಎಳೆಯನ್ನು ಸುತ್ತಿದ್ದರಂತೂ ಹೇಳುವುದೇ ಬೇಡ.

ಭೂಸಂಪರ್ಕದ ಗುಂಡಿಗೆ ಇದ್ದಿಲು, ಉಪ್ಪು ತುಂಬುವುದೂ ಬೇಸಗೆಯಲ್ಲಿ ಆಗಾಗ ನೀರು ಹೊಯ್ಯುವುದೂ ಇದೇ ಕಾರಣಕ್ಕಾಗಿ. ಇದ್ದಿಲು ತೇವವನ್ನು ಹಿಡಿದಿಡುತ್ತದೆ, ಉಪ್ಪು ಆ ತೇವವನ್ನು ವಾಹಕವಾಗಿಸುತ್ತದೆ. ಕುಡಿಯುವ ನೀರಿಗೇ ಕಷ್ಟವಿರುವ ಊರಿನಲ್ಲಿ ಗುಂಡಿಗೆ ನೀರೆಲ್ಲಿ ಎಂದರೆ, ಪಾತ್ರೆ ತೊಳೆದ ನೀರೂ ಸಾಕು. ಆದರೂ ಒಣನೆಲದಲ್ಲಿ ಇದೊಂದನ್ನೇ ನಂಬುವಂತಿಲ್ಲ. ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚಿನ ಮಹತ್ವ ಇಲ್ಲಿದೆ. ಈಗ ಬಳಕೆಯಲ್ಲಿರುವ ಬಗೆಯು ಫೇಸ್ ತಂತಿಯಲ್ಲಿ ಹೋದ ಪ್ರವಾಹವನ್ನು ನ್ಯೂಟ್ರಲ್ ತಂತಿಯಲ್ಲಿ ಮರಳಿದ ಪ್ರವಾಹದೊಂದಿಗೆ ಸದಾ ತೂಗಿನೋಡುತ್ತದೆ. ೩೦ ಮಿಲಿಆಂಪೇರು ಬೇರೆ ದಾರಿ ಹಿಡಿದರೆ ಸೆಕೆಂಡಿನ ಅಲ್ಪಾಂಶದಲ್ಲಿ ಮಂಡಲವನ್ನು ಕಡಿಯುತ್ತದೆ. ಅದರ ಪರೀಕ್ಷಾಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲನ್ನೂ ಹಿಡಿದವನನ್ನು ಮಾತ್ರ ಅದು ಕಾಯಲಾರದು.

ವಠಾರಗಳಲ್ಲಿ ಮತ್ತೊಂದು ವಿಪತ್ತುಂಟು. ಮೂರು ಫೇಸುಗಳನ್ನು ಬೇರೆಬೇರೆ ಮನೆಗಳಿಗೆ ಹಂಚಿ, ಎಲ್ಲಕ್ಕೂ ಒಂದೇ ನ್ಯೂಟ್ರಲನ್ನು ಇಟ್ಟಿರುತ್ತಾರೆ. ಹಳೆಯ ಬೆಸುಗೆ ಸಡಿಲಿ ಅದು ಕಡಿದರೆ, ಎರಡು ಮನೆಗಳ ಸಾಧನಗಳು ಸಾಲುಜೋಡಣೆಗೆ ಬಂದು, ಎರಡು ಫೇಸುಗಳ ನಡುವಣ ಸುಮಾರು ೪೦೦ ವೋಲ್ಟುಗಳನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಒಂದು ಮನೆಯಲ್ಲಿ ೧೦೦೦ ವ್ಯಾಟಿನ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ೧೦೦ ವ್ಯಾಟಿನ ಸಾಧನ ಇದ್ದರೆ, ಎರಡನೆಯದರ ರೋಧ ಹತ್ತುಪಟ್ಟು ಹೆಚ್ಚಾದುದರಿಂದ ಅದರ ಪಾಲಿಗೆ ಬರುವುದು ಸುಮಾರು ೩೬೪ ವೋಲ್ಟು. ಒಬ್ಬರ ದೀಪ ಮಂಕಾಗಿ ಪಕ್ಕದವರ ದೀಪ ಕಣ್ಣುಕುಕ್ಕುವಂತೆ ಉರಿದರೆ ಕಾರಣವನ್ನು ಹುಡುಕುತ್ತ ನಿಲ್ಲದೆ ಎಲ್ಲ ಮನೆಗಳವರೂ ಮೇನ್ ಆರಿಸಿ, ವಿದ್ಯುತ್ ಕಂಪನಿಯ ೧೯೧೨ ಸಂಖ್ಯೆಗೆ ತಿಳಿಸತಕ್ಕದ್ದು.

ಮನುಷ್ಯನೊಬ್ಬನಿಗೆ ವಿದ್ಯುತ್ತು ತಗುಲಿದಾಗ ಮೊದಲು ಮಾಡುವ ತಪ್ಪು ಅವನನ್ನು ಹಿಡಿದೆಳೆಯುವುದು. ಹೆತ್ತವಳು ಮಗುವನ್ನು ಕಂಡು ಹಾಗೆ ಮಾಡದಿರುವುದು ಕಷ್ಟ. ಆದುದರಿಂದಲೇ ಮೇನ್ ಸ್ವಿಚ್ಚು ಎಲ್ಲಿದೆಯೆಂಬುದು ಮನೆಯ ಪ್ರತಿಯೊಬ್ಬರಿಗೂ, ಅಜ್ಜಿಗೂ ಕೂಡ, ಮೊದಲೇ ಗೊತ್ತಿರಬೇಕು. ಬ್ಯಾಟರಿಯಿಂದ ನಡೆಯುವ ಯು.ಪಿ.ಎಸ್. ಇದ್ದರೆ ಮೇನ್ ಆರಿಸಿದ ಮೇಲೂ ಕೆಲವು ತಂತಿಗಳು ಜೀವಂತವಾಗಿರುತ್ತವೆ, ಅದನ್ನೂ ಆರಿಸಬೇಕು. ಮೇನ್ ಕೈಗೆ ಸಿಗದಿದ್ದರೆ ಒಣ ಹಲಗೆಯ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ತಂತಿಯನ್ನು ಅವನಿಂದ ಬೇರ್ಪಡಿಸಬೇಕು. ಹಸಿ ಕೊಂಬೆ ಆಗದು.

ಬೇರ್ಪಡಿಸಿದ ಮೇಲೆ ಅವನು ಕೂಗಿಗೆ ಓಗೊಡುವನೇ, ಸಹಜವಾಗಿ ಉಸಿರಾಡುವನೇ ಎಂದು ನೋಡಿ. ಎರಡೂ ಇಲ್ಲವಾದರೆ ಒಬ್ಬರು ೧೦೮ಕ್ಕೆ ಕರೆಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯೊತ್ತಲು ಆರಂಭಿಸಬೇಕು. ಅವನನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ, ಸುಮಾರು ೫ ಸೆಂಟಿಮೀಟರು ತಗ್ಗುವಂತೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತಬೇಕು. ಕಲಿತವರಾದರೆ ಪ್ರತಿ ೩೦ ಒತ್ತುಗಳಿಗೆ ೨ ಸಲ ಬಾಯಿಂದ ಉಸಿರೂದಬಹುದು. ನೆರವು ಬರುವವರೆಗೆ ಬಿಡಬಾರದು. ಎಚ್ಚರವಿದ್ದು ಎದ್ದು ಕುಳಿತವನನ್ನೂ ವೈದ್ಯರಿಗೆ ತೋರಿಸಬೇಕು. ಚರ್ಮದ ಮೇಲಿನ ಸುಟ್ಟಗಾಯ ಚಿಕ್ಕದಾಗಿದ್ದರೂ ಒಳಗೆ ಸ್ನಾಯುಗಳು ಬೆಂದಿರಬಹುದು, ಹೃದಯದ ತಾಳ ತಪ್ಪಿರಬಹುದು.

ಸ್ವಿಚ್ಚುಹಲಗೆಗೆ ಬೆಂಕಿ ಹತ್ತಿದರೆ ನೀರೆರಚಬಾರದು. ವಿದ್ಯುತ್ತನ್ನು ಕಡಿದು, ಒಣಮರಳು ಅಥವಾ ಒಣಪುಡಿಯ ನಂದಿಸುವ ಸಾಧನವನ್ನು ಉಪಯೋಗಿಸಬೇಕು. ಮರದ ಜಂತೆಗೆ ಉರಿ ಏರಿದರೆ ಎಲ್ಲರೂ ಹೊರಬಂದು ೧೦೧ಕ್ಕೆ ತಿಳಿಸುವುದೇ ಸರಿ.

ಮೇಲೆ ಹೇಳಿದ ಒಣಕೋಲಿನ ಉಪಾಯ ಮನೆಯೊಳಗಿನ ೨೩೦ ವೋಲ್ಟುಗಳಿಗೆ ಮಾತ್ರ ಸಲ್ಲುತ್ತದೆ. ಬೀದಿಯಲ್ಲಿಯೋ ಹೊಲದಲ್ಲಿಯೋ ಹರಿದುಬಿದ್ದ ತಂತಿ ೧೧,೦೦೦ ವೋಲ್ಟಿನದಾಗಿರಬಹುದು. ಅಲ್ಲಿ ಕೋಲೂ ರಬ್ಬರ್ ಚಪ್ಪಲಿಯೂ ನಿರರ್ಥಕ. ಜನರು ‘ಟಿ.ಸಿ.’ ಎನ್ನುವ ಪರಿವರ್ತಕದ ಫ್ಯೂಸನ್ನು ತಾವೇ ಕೀಳಹೋಗುವುದೂ ಸಲ್ಲದು. ಬಿದ್ದ ತಂತಿಯಿಂದ ಕನಿಷ್ಠ ೧೦ ಮೀಟರು ದೂರ ನಿಂತು, ಇತರರನ್ನೂ ದನಕರುಗಳನ್ನೂ ತಡೆದು, ೧೯೧೨ಕ್ಕೆ ತಿಳಿಸಬೇಕು. ತಿಳಿಯದೆ ಸಮೀಪಕ್ಕೆ ಬಂದುಬಿಟ್ಟಿದ್ದರೆ ದೊಡ್ಡ ಹೆಜ್ಜೆಯಿಟ್ಟು ಓಡಬಾರದು. ತಂತಿ ನೆಲಕ್ಕೆ ತಾಗಿದೆಡೆಯಿಂದ ದೂರ ಸರಿದಂತೆ ನೆಲದ ವೋಲ್ಟೇಜು ಇಳಿಯುತ್ತ ಹೋಗುವುದರಿಂದ, ಎರಡು ಪಾದಗಳ ನಡುವಣ ಅಂತರ ಹೆಚ್ಚಿದಷ್ಟೂ ಅವುಗಳ ನಡುವಣ ವೋಲ್ಟೇಜೂ ಹೆಚ್ಚುತ್ತದೆ. ಪಾದಗಳನ್ನು ಜೋಡಿಸಿಯೇ, ನೆಲದಿಂದ ಎತ್ತದೆ, ಇಷ್ಟಿಷ್ಟೇ ಜರಗುತ್ತ ಹೊರಗೆ ಬರಬೇಕು. ನಾಲ್ಕು ಕಾಲಿನ ಹಸುವಿಗೆ ಮುಂಗಾಲು ಹಿಂಗಾಲುಗಳ ನಡುವಣ ದೂರವೇ ಮುಳುವಾಗುತ್ತದೆ.