ಸಂಧಿಗಳನ್ನು ಬಲಪಡಿಸುವ ವಿದ್ಯೆ: ಸುನಾಮಿಯ ಎಚ್ಚರಿಕೆಯಿಂದ ಒಂದು ಪಾಠ

2004ನೆಯ ಇಸವಿ ಡಿಸೆಂಬರ್ 26ರ ಬೆಳಿಗ್ಗೆ, ಭಾರತೀಯ ಕಾಲಮಾನದಲ್ಲಿ 6 ಗಂಟೆ 29 ನಿಮಿಷದ ಹೊತ್ತಿಗೆ, ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ ಸಮುದ್ರದ ತಳ ಬಿರಿಯಿತು. ಬಿರುಕು ಉತ್ತರಾಭಿಮುಖವಾಗಿ ಅಂಡಮಾನ್ ದ್ವೀಪಗಳವರೆಗೆ ಸುಮಾರು 1,300 ಕಿಲೋಮೀಟರು ಹಬ್ಬಿತು. ಭೂಕಂಪದ ಪ್ರಮಾಣ 9.1. ಕಾಲು ಗಂಟೆ ಕಳೆಯುವಷ್ಟರಲ್ಲಿ ಹವಾಯಿ ದ್ವೀಪದಲ್ಲಿರುವ ಪೆಸಿಫಿಕ್ ಸುನಾಮಿ ಎಚ್ಚರಿಕೆಯ ಕೇಂದ್ರದಿಂದ ಮೊದಲ ಪ್ರಕಟಣೆ ಹೊರಟಿತು. ಅದು ಭೂಕಂಪದ ಪ್ರಮಾಣವನ್ನು 8.0 ಎಂದು ಕಡಿಮೆಯಾಗಿ ಅಂದಾಜು ಮಾಡಿತ್ತು. ಪೆಸಿಫಿಕ್ ತೀರಕ್ಕೆ ಅಪಾಯವಿಲ್ಲವೆಂದು ತಿಳಿಸಿತ್ತು. ತಮಿಳುನಾಡಿನ ಕರಾವಳಿಗೆ ಅಲೆ ಬಂದು ಬಡಿದದ್ದು 9 ಗಂಟೆಯ ಆಸುಪಾಸಿನಲ್ಲಿ. ನಡುವೆ ಎರಡು ಗಂಟೆಗೂ ಮಿಕ್ಕ ಕಾಲವಿತ್ತು. ಆದರೂ ಭಾರತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ, ಹಿಂದೂ ಮಹಾಸಾಗರದ ಸುತ್ತಣ ದೇಶಗಳಲ್ಲಿ ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಈ ಕಾಲಾವಕಾಶ ಎಷ್ಟೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. ಸುನಾಮಿಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. ಗುರುತ್ವದ ವೇಗೋತ್ಕರ್ಷವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ದೊರೆಯುತ್ತದೆ. ಆಳ 3,000 ಮೀಟರು ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ ಸುಮಾರು 171 ಮೀಟರು, ಎಂದರೆ ಗಂಟೆಗೆ ಸುಮಾರು 617 ಕಿಲೋಮೀಟರು. ಅಂಡಮಾನಿನಿಂದ ಚೆನ್ನೈಗೆ ಸುಮಾರು 1,300 ಕಿಲೋಮೀಟರು ದೂರ. ದಡ ಸಮೀಪಿಸಿ ನೀರು ತೆಳುವಾದಂತೆ ಅಲೆ ನಿಧಾನಗೊಳ್ಳುವುದರಿಂದ, ಎರಡು ಗಂಟೆಗಿಂತ ಮೊದಲು ಅದು ಬರಲಾರದು. ಹೀಗೆ ವಿಜ್ಞಾನಕ್ಕೆ ಉತ್ತರ ಗೊತ್ತಿತ್ತು. ಉತ್ತರ ತಿಳಿದವರಿಂದ ದಡದಲ್ಲಿದ್ದವರಿಗೆ ಹೋಗುವ ದಾರಿ ಇರಲಿಲ್ಲ.

ಅದೇ ದಿನ, ಅದೇ ಅಲೆಯ ಎದುರಿನಲ್ಲಿ, ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಹಳ್ಳಿಯ ಸುಮಾರು 3,600 ಜನ ಬದುಕಿಕೊಂಡರು. ಸಿಂಗಪುರದಲ್ಲಿದ್ದ ಆ ಊರಿನವನೊಬ್ಬ ಸುದ್ದಿಯನ್ನು ತಿಳಿದು ಮನೆಗೆ ಫೋನು ಮಾಡಿದ. ಎಂ. ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನ ಅಲ್ಲಿ ನೆರವಾಗಿ ನಡೆಸುತ್ತಿದ್ದ ಮಾಹಿತಿ ಕೇಂದ್ರದ ಧ್ವನಿವರ್ಧಕದಿಂದ ಊರಿಗೆಲ್ಲ ಕೂಗಿ ಹೇಳಲಾಯಿತು. ಫೋನು, ಧ್ವನಿವರ್ಧಕ ಎರಡೂ ಬೇರೆ ಉದ್ದೇಶಕ್ಕಾಗಿ ಹುಟ್ಟಿದವು. ಆ ಹೊತ್ತಿನಲ್ಲಿ ಅವು ಒಂದಕ್ಕೊಂದು ಕೂಡಿಕೊಂಡವು. ಆಕಸ್ಮಿಕವಾಗಿ ಆದ ಈ ಕೂಡುವಿಕೆಯನ್ನು ಮುಂಚಿತವಾಗಿ, ಬುದ್ಧಿಪೂರ್ವಕವಾಗಿ ಏರ್ಪಡಿಸುವುದು ಹೇಗೆ? ಇದೇ ಈ ಲೇಖನದ ವಿಷಯ.

ವ್ಯವಸ್ಥೆಗಳ ವ್ಯವಸ್ಥೆ

ಗಡಿಯಾರವೂ ಒಂದು ವ್ಯವಸ್ಥೆಯೇ. ಅದರ ಹಲ್ಲುಚಕ್ರಗಳಿಗೆ ಸ್ವಂತ ಇಚ್ಛೆಯಿಲ್ಲ. ಹೊರಗೆ ತೆಗೆದಿಟ್ಟರೆ ಅವುಗಳಿಂದ ಯಾವ ಕೆಲಸವೂ ಆಗದು. ಸುನಾಮಿಯ ಎಚ್ಚರಿಕೆಯ ಏರ್ಪಾಡು ಇದಕ್ಕಿಂತ ಬೇರೆ ಜಾತಿಯದು. ಭೂಕಂಪಮಾಪಕಗಳ ಜಾಲ, ಸಮುದ್ರತಳದ ಒತ್ತಡಮಾಪಕಗಳು, ಬಂದರಿನ ಉಬ್ಬರಮಾಪಕಗಳು, ಉಪಗ್ರಹ, ಜಿಲ್ಲಾಡಳಿತ, ಆಕಾಶವಾಣಿ, ಪೊಲೀಸು, ಶಾಲೆ, ಮೀನುಗಾರರ ಸಂಘ—ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ನಿತ್ಯದ ಕೆಲಸವಿದೆ, ತನ್ನದೇ ಯಜಮಾನಿಕೆಯಿದೆ, ತನ್ನದೇ ಹಣವಿದೆ. ಇಂತಹ ಕೂಟವನ್ನು ಇಂಜಿನಿಯರುಗಳು ‘ವ್ಯವಸ್ಥೆಗಳ ವ್ಯವಸ್ಥೆ’ ಎನ್ನುತ್ತಾರೆ.

1998ರಲ್ಲಿ ಅಮೆರಿಕದ ಮಾರ್ಕ್ ಮೈಯರ್ ಎಂಬವರು ಒಂದು ಪ್ರಬಂಧದಲ್ಲಿ ಇದರ ಲಕ್ಷಣಗಳನ್ನು ವಿವೇಚಿಸಿದರು. ಅಂಗಗಳು ಸ್ವತಂತ್ರವಾಗಿ ಕೆಲಸ ಮಾಡುತ್ತವೆ. ಅವುಗಳ ಆಡಳಿತವೂ ಸ್ವತಂತ್ರ. ಅವು ದೂರದೂರದಲ್ಲಿ ಹರಡಿವೆ. ಇಡೀ ಕೂಟ ಒಮ್ಮೆಗೇ ಸಿದ್ಧವಾಗದೆ ಕ್ರಮಕ್ರಮವಾಗಿ ಬೆಳೆಯುತ್ತದೆ. ಯಾವ ಒಂದು ಅಂಗದಲ್ಲಿಯೂ ಕಾಣದ ಹೊಸ ಗುಣ ಇವು ಕೂಡಿದಾಗ ತೋರುತ್ತದೆ. ಇವುಗಳಲ್ಲಿ ಮೊದಲ ಎರಡೇ ಮುಖ್ಯವಾದವು. ಅಂಗಗಳ ಒಳಗೆ ಕೈಹಾಕುವ ಅಧಿಕಾರ ಶಿಲ್ಪಿಗೆ ಇಲ್ಲದಿರುವುದರಿಂದ, ಅವನ ಕೈಚಳಕವೆಲ್ಲ ಅಂಗಗಳು ಕೂಡುವೆಡೆಯಲ್ಲಿ ನಡೆಯಬೇಕು. ವ್ಯಾಕರಣದಲ್ಲಿ ಎರಡು ಪದಗಳು ಕೂಡುವೆಡೆಗೆ ಸಂಧಿ ಎನ್ನುತ್ತೇವೆ. ದೇಹದಲ್ಲಿ ಎರಡು ಎಲುಬುಗಳು ಕೂಡುವೆಡೆಗೂ ಸಂಧಿ ಎಂದೇ ಹೆಸರು. ಎಲುಬುಗಳೆಲ್ಲ ಗಟ್ಟಿಯಾಗಿದ್ದೂ ಸಂಧಿ ಕೆಟ್ಟರೆ ಮನುಷ್ಯ ನಡೆಯಲಾರ. ವ್ಯವಸ್ಥೆಗಳ ವ್ಯವಸ್ಥೆಯ ವಿನ್ಯಾಸವೆಂದರೆ ಬಹುಮಟ್ಟಿಗೆ ಸಂಧಿಗಳ ವಿನ್ಯಾಸ.

ಹಿಂದೂ ಮಹಾಸಾಗರದಲ್ಲಿ ನಡೆದದ್ದೂ ಇದೇ. ಯುನೆಸ್ಕೋದ ಅಂತರಸರಕಾರೀ ಸಾಗರವಿಜ್ಞಾನ ಆಯೋಗ 2005ರ ಮಾರ್ಚಿಯಲ್ಲಿ ಪ್ಯಾರಿಸ್ಸಿನಲ್ಲಿಯೂ ಏಪ್ರಿಲಿನಲ್ಲಿ ಮಾರಿಷಸ್ಸಿನಲ್ಲಿಯೂ ಸಭೆಗಳನ್ನು ಕರೆಯಿತು. ಇಡೀ ಸಾಗರಕ್ಕೆ ಒಂದೇ ಕೇಂದ್ರವನ್ನು ಕಟ್ಟುವ ಬದಲು, ಪ್ರತಿ ರಾಷ್ಟ್ರವೂ ತನ್ನ ಉಪಕರಣಗಳ ಒಡೆತನವನ್ನು ತಾನೇ ಉಳಿಸಿಕೊಂಡು, ರಾಷ್ಟ್ರೀಯ ವ್ಯವಸ್ಥೆಗಳನ್ನು ಒಂದು ಜಾಲವಾಗಿ ಹೆಣೆಯುವುದೆಂದು ನಿಶ್ಚಯವಾಯಿತು. ಭಾರತದ ಕೇಂದ್ರ 2007ರ ಅಕ್ಟೋಬರಿನಲ್ಲಿ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ ಆರಂಭವಾಯಿತು. ಭಾರತ, ಆಸ್ಟ್ರೇಲಿಯ, ಇಂಡೊನೇಷ್ಯಗಳು ಸುತ್ತಣ ರಾಷ್ಟ್ರಗಳಿಗೂ ಮಾಹಿತಿ ಒದಗಿಸುವ ಹೊಣೆಯನ್ನು ಹೊತ್ತವು.

ಕಮ್ಮಟದ ಆವಶ್ಯಕತೆ

ಒಡೆಯರು ಹಲವರಿರುವ ಮನೆಗೆ ನಕ್ಷೆ ಬರೆಯುವವನು ಎಲ್ಲ ಒಡೆಯರನ್ನೂ ಒಂದೆಡೆ ಕೂಡಿಸಲೇಬೇಕು. ಹೀಗೆ ಸಂಬಂಧಪಟ್ಟವರೆಲ್ಲ ಕುಳಿತು ವಿನ್ಯಾಸಕ್ಕೆ ಬೇಕಾದ ತಿಳಿವಳಿಕೆಯನ್ನು ರೂಪಿಸುವ ಕೂಟವೇ ಕಮ್ಮಟ. ಸಭೆಗೂ ಕಮ್ಮಟಕ್ಕೂ ಅಂತರವಿದೆ. ಸಭೆಯಲ್ಲಿ ಸಿದ್ಧವಾದ ಯೋಜನೆಗೆ ಒಪ್ಪಿಗೆ ಪಡೆಯುತ್ತಾರೆ; ಕಮ್ಮಟದಲ್ಲಿ ಯಾರ ಬಳಿಯೂ ಪೂರ್ಣವಾಗಿಲ್ಲದ ಚಿತ್ರವನ್ನು ತುಂಡುತುಂಡಾಗಿ ಜೋಡಿಸುತ್ತಾರೆ. ಇದನ್ನು ನಡೆಸುವ ಕ್ರಮವನ್ನು ಈಗ ನೋಡೋಣ.

ಮೊದಲನೆಯದು, ಕರೆಯಬೇಕಾದವರು ಯಾರು ಎಂಬುದು. ಪದವಿಗಳ ಪಟ್ಟಿಯನ್ನು ನೋಡಿ ಕರೆದರೆ ಸಾಲದು. ಸಂದೇಶದ ಬೆನ್ನು ಹತ್ತಿ ಹೋಗಬೇಕು. ಸಮುದ್ರತಳದಲ್ಲಿ ಹುಟ್ಟಿದ ಸುದ್ದಿ ಮೀನು ಮಾರುವ ಹೆಂಗಸಿನ ಕಿವಿಯನ್ನು ಮುಟ್ಟುವವರೆಗೆ ಯಾರು ಯಾರ ಕೈ ದಾಟುತ್ತದೆ? ಅದನ್ನು ಪಡೆಯುವವರು, ಭಾಷೆ ಬದಲಿಸುವವರು, ತಡೆದು ನಿಲ್ಲಿಸಬಲ್ಲವರು, ಕೊನೆಗೆ ಅದರಂತೆ ನಡೆಯಬೇಕಾದವರು—ಇವರೆಲ್ಲರೂ ಸಂಬಂಧಪಟ್ಟವರೇ. ಧ್ವನಿವರ್ಧಕದ ಕೋಣೆಯ ಬೀಗದಕೈ ಯಾರಲ್ಲಿದೆಯೋ ಅವನು ಮರೆಯಬಾರದ ಅತಿಥಿ.

ಎರಡನೆಯದು ಪ್ರಶ್ನೆಯ ರೀತಿ. “ನಿಮಗೆ ಏನು ಬೇಕು?” ಎಂದು ಕೇಳಿದರೆ ಬೇಡಿಕೆಗಳ ಉದ್ದನೆಯ ಪಟ್ಟಿ ಬರುತ್ತದೆ, ಅಷ್ಟೆ. ಅದಕ್ಕೆ ಬದಲು ಒಂದು ಕಲ್ಪಿತ ಪ್ರಸಂಗವನ್ನು ಎಲ್ಲರ ಮುಂದಿಟ್ಟು, ನಿಮಿಷ ನಿಮಿಷವಾಗಿ ಮುಂದೆ ಸಾಗಬೇಕು. “ಭೂಕಂಪವಾಗಿ 12 ನಿಮಿಷ. ನಿಮ್ಮ ಕೈಯಲ್ಲಿ ಯಾವ ಮಾಹಿತಿಯಿದೆ? ಅದು ಯಾರಿಂದ ಬಂತು? ನೀವು ಏನು ನಿರ್ಧರಿಸುವಿರಿ? ಯಾರಿಗೆ ಹೇಳುವಿರಿ? ಅವರು ಫೋನು ಎತ್ತದಿದ್ದರೆ?” ಕೊನೆಯ ಪ್ರಶ್ನೆಗೆ ಕೋಣೆ ಮೌನವಾದರೆ ಅಲ್ಲೊಂದು ಸಡಿಲವಾದ ಸಂಧಿ ಸಿಕ್ಕಿತೆಂದೇ ತಿಳಿಯಬೇಕು.

ಮೂರನೆಯದು, ಪ್ರತಿಯೊಂದು ಅಂಗವೂ ಸರಿಯಾಗಿದ್ದು, ಕೂಡಿದಾಗ ತಪ್ಪಾಗುವ ಎಡೆಗಳನ್ನು ಹುಡುಕುವುದು. ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಚಂಡಮಾರುತ ಬರುವಾಗ ಕಡಲಿನಲ್ಲಿರುವ ದೋಣಿಗಳನ್ನು ದಡಕ್ಕೆ ಕರೆಯುವುದು ರೂಢಿ. ಅದು ಸರಿಯೂ ಹೌದು. ಸುನಾಮಿಯಲ್ಲಿ ನಿಯಮ ತಿರುವುಮುರುವು. ಆಳದ ನೀರಿನಲ್ಲಿ ಆ ಅಲೆ ಸೌಮ್ಯವಾಗಿರುತ್ತದೆ. 2004ರ ಅಲೆ ಹೊರಟು ಎರಡು ಗಂಟೆಯಾದಾಗ ಬಂಗಾಳ ಕೊಲ್ಲಿಯ ಮೇಲೆ ಹಾದ ಜೇಸನ್-1 ಉಪಗ್ರಹ ಅಳೆದ ಅದರ ಎತ್ತರ ಸುಮಾರು 60 ಸೆಂಟಿಮೀಟರು ಮಾತ್ರ. ದಡದ ಬಳಿ ಅದೇ ಅಲೆ ಮನೆಯೆತ್ತರಕ್ಕೆ ಏರಿತು. ಆದುದರಿಂದ ದೂರದಲ್ಲಿರುವ ದೋಣಿ ಇನ್ನೂ ಆಳಕ್ಕೆ ಹೋಗಬೇಕೇ ಹೊರತು ಬಂದರಿಗೆ ಮರಳಬಾರದು. ಈಗ ಎರಡಕ್ಕೂ ಒಂದೇ ಬಗೆಯ ಸೈರನ್ನು ಊದಿದರೆ ಗತಿಯೇನು? ಹವಾಮಾನದವರೂ ತಪ್ಪಿಲ್ಲ, ಸಾಗರವಿಜ್ಞಾನಿಗಳೂ ತಪ್ಪಿಲ್ಲ. ದೋಣಿ ಮಾತ್ರ ಸಾವಿನ ಬಾಯಿಗೆ ಬರುತ್ತದೆ. ಇದನ್ನು ಪ್ರಯೋಗಶಾಲೆಯಲ್ಲಿ ಕುಳಿತು ಕಾಣಲು ಕಷ್ಟ. ವಿಜ್ಞಾನಿಯೂ ಮೀನುಗಾರನೂ ಒಂದೇ ನಕ್ಷೆಯ ಮುಂದೆ ಕುಳಿತಾಗ ಐದೇ ನಿಮಿಷದಲ್ಲಿ ಕಾಣುತ್ತದೆ.

ನಾಲ್ಕನೆಯದು ಭಿನ್ನಾಭಿಪ್ರಾಯ. ಅದನ್ನು ಮುಚ್ಚಿಹಾಕಬಾರದು, ವಿನ್ಯಾಸಕ್ಕೆ ಅದೇ ಕಚ್ಚಾ ಸಾಮಗ್ರಿ. ತಡವಾದರೆ ಜನ ಸಾಯುತ್ತಾರೆ, ಆದುದರಿಂದ ಸಂಶಯವಿದ್ದರೂ ಕೂಡಲೇ ಹೇಳೋಣ ಎಂಬುದು ಒಂದು ಪಕ್ಷ. ಎರಡು ಬಾರಿ ಸುಳ್ಳಾದರೆ ಮೂರನೆಯ ಬಾರಿ ಯಾರೂ ಕದಲುವುದಿಲ್ಲ ಎಂಬುದು ಆಡಳಿತದವರ ಪಕ್ಷ. ಎರಡೂ ನಿಜ. ಹೈದರಾಬಾದಿನ ಕೇಂದ್ರದ ಪದ್ಧತಿಯಲ್ಲಿ ಇದಕ್ಕೆ ಉತ್ತರವಿದೆ. ಭೂಕಂಪವಾದ ಸುಮಾರು 10 ನಿಮಿಷಗಳೊಳಗೆ ಕಂಪನದ ಲೆಕ್ಕದ ಮೇಲೆ ಮೊದಲ ಪ್ರಕಟಣೆ ಹೊರಡುತ್ತದೆ. ಬಳಿಕ ಸಮುದ್ರತಳದ ಮಾಪಕವು ನೀರಿನ ಒತ್ತಡದ ಏರಿಳಿತವನ್ನು ಶಬ್ದತರಂಗದ ಮೂಲಕ ಮೇಲಿನ ತೇಲುಬುರುಡೆಗೂ, ಅದು ಉಪಗ್ರಹದ ಮೂಲಕ ಕೇಂದ್ರಕ್ಕೂ ಮುಟ್ಟಿಸಿದಾಗ, ಎಚ್ಚರಿಕೆಯನ್ನು ಖಚಿತಪಡಿಸುವುದೋ ಹಿಂತೆಗೆಯುವುದೋ ಸಾಧ್ಯವಾಗುತ್ತದೆ. ಅಪಾಯದ ಮಟ್ಟಕ್ಕೆ ತಕ್ಕಂತೆ ಸಂದೇಶಗಳೂ ಮೂರು ದರ್ಜೆಯವು. ಅವಸರಕ್ಕೂ ನಿಶ್ಚಯಕ್ಕೂ ಇದ್ದ ಜಗಳವನ್ನು ಮೆಟ್ಟಿಲುಗಳ ರಚನೆಯಿಂದ ಬಗೆಹರಿಸಿದಂತಾಯಿತು.

ಐದನೆಯದು ಮಾತಿನ ನ್ಯಾಯ. ಜಿಲ್ಲಾಧಿಕಾರಿ ಮೊದಲು ಮಾತನಾಡಿದರೆ ದೋಣಿಯ ತಂಡೇಲ ಬಾಯಿ ಬಿಡುವುದಿಲ್ಲ. ಆದುದರಿಂದ ಮೊದಲು ಚಿಕ್ಕ ಗುಂಪುಗಳಲ್ಲಿ ಚರ್ಚಿಸಿ, ಉತ್ತರಗಳನ್ನು ಚೀಟಿಗಳಲ್ಲಿ ಬರೆಸಿ, ಹೆಸರಿಲ್ಲದೆ ಗೋಡೆಗೆ ಅಂಟಿಸುವುದು ಒಳ್ಳೆಯ ಉಪಾಯ. ಬರೆಯಲಾರದವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳಬೇಕು. ಕಮ್ಮಟವನ್ನು ನಡೆಸುವವನು ಯಾವ ಒಂದು ಅಂಗದ ಯಜಮಾನನೂ ಆಗಿರದಿದ್ದರೆ ಮೇಲು.

ಆರನೆಯದು ಫಲ. ದಿನದ ಕೊನೆಗೆ ಪ್ರತಿ ಸಂಧಿಗೂ ಒಂದೊಂದು ಹಾಳೆ ಸಿದ್ಧವಾಗಬೇಕು. ಇಲ್ಲಿ ದಾಟುವ ಸಂದೇಶ ಯಾವುದು, ಯಾವ ಭಾಷೆಯಲ್ಲಿ, ಎಷ್ಟು ನಿಮಿಷದೊಳಗೆ, ಹೊಣೆ ಯಾರದು, ದಾರಿ ಮುರಿದರೆ ಪರ್ಯಾಯವೇನು—ಈ ಐದು ಉತ್ತರಗಳಿರಬೇಕು. ತೀರ್ಮಾನವಾಗದ ಪ್ರಶ್ನೆಗಳನ್ನೂ ಹೊಣೆಗಾರರ ಹೆಸರು, ತೇದಿಗಳ ಸಹಿತ ಬರೆದು ಎಲ್ಲರಿಗೂ ಕಳುಹಿಸಬೇಕು. ಈ ಹಾಳೆಗಳ ಕಟ್ಟೇ ವಿನ್ಯಾಸದ ಬುನಾದಿ.

ಕಾಗದದಿಂದ ಕಡಲತೀರಕ್ಕೆ

ಹಾಳೆಯ ಮೇಲೆ ಗಟ್ಟಿಯಾಗಿ ತೋರುವ ಸಂಧಿಯನ್ನು ಬಗ್ಗಿಸಿ ನೋಡಬೇಕು. ಇದಕ್ಕಾಗಿ ಹಿಂದೂ ಮಹಾಸಾಗರದ ರಾಷ್ಟ್ರಗಳು 2009ರಿಂದ ಮತ್ತೆ ಮತ್ತೆ ಅಣಕು ಕವಾಯತುಗಳನ್ನು ನಡೆಸಿವೆ. 2012ರ ಏಪ್ರಿಲ್ 11ರಂದು ನಿಜವಾದ ಪರೀಕ್ಷೆಯೇ ಬಂದಿತು. ಸುಮಾತ್ರಾದ ಬಳಿ 8.6 ಪ್ರಮಾಣದ ಭೂಕಂಪವಾಯಿತು. ಶಿಲಾಫಲಕಗಳು ಅಡ್ಡಡ್ಡವಾಗಿ ಸರಿದುದರಿಂದ ಅಲೆ ಚಿಕ್ಕದಾಯಿತು. ಪ್ರಕಟಣೆಗಳು ಹೊರಟವು. ಆದರೆ ಬಂಡಾ ಆಚೆ ನಗರದಲ್ಲಿ ಆಶ್ರಯಕ್ಕೆಂದೇ ಎತ್ತರದ ಕಟ್ಟಡಗಳಿದ್ದರೂ, ಬಹಳ ಜನ ವಾಹನಗಳನ್ನೇರಿ ಹೊರಟು ರಸ್ತೆಗಳೆಲ್ಲ ಕಟ್ಟಿಹೋದವು. ಅಲೆ ದೊಡ್ಡದಾಗಿದ್ದರೆ ಪರಿಣಾಮವನ್ನು ಊಹಿಸಿಕೊಳ್ಳಬಹುದು. ಎಲ್ಲಕ್ಕಿಂತ ಕೊನೆಯ ಸಂಧಿ, ಎಂದರೆ ಸಂದೇಶಕ್ಕೂ ಕಾಲಿಗೂ ನಡುವಣ ಸಂಧಿ, ಇನ್ನೂ ಸಡಿಲವಾಗಿತ್ತು.

ಆ ಕೊನೆಯ ಸಂಧಿ ಯಂತ್ರವಿಲ್ಲದೆಯೂ ಬಲವಾಗಿರಬಲ್ಲದು. ಸುಮಾತ್ರಾದ ಸಮೀಪದ ಸಿಮೆಲು ದ್ವೀಪದಲ್ಲಿ 1907ರ ಸುನಾಮಿಯ ನೆನಪನ್ನು ‘ಸ್ಮೊಂಗ್’ ಎಂಬ ಹೆಸರಿನಲ್ಲಿ ಅಜ್ಜ ಅಜ್ಜಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದರು. ನೆಲ ಬಲವಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡ ಹತ್ತು ಎಂಬುದೇ ಅದರ ಸಾರ. 2004ರಲ್ಲಿ ಅಲ್ಲಿಯ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಎಂಬ ಹಳ್ಳಿಗಳು ತಪ್ಪಿಸಿಕೊಳ್ಳುವ ದಾರಿಯ ನಕ್ಷೆ, ಜನರ ತರಬೇತು, ಕವಾಯತು ಮೊದಲಾದವುಗಳನ್ನು ಪೂರೈಸಿ 2020ರಲ್ಲಿ ಯುನೆಸ್ಕೋದಿಂದ ‘ಸುನಾಮಿಗೆ ಸಿದ್ಧ’ ಎಂಬ ಮನ್ನಣೆಯನ್ನು ಪಡೆದವು. ಕಮ್ಮಟದ ಮಾತು ಕಾಲಿಗೆ ಇಳಿದುದಕ್ಕೆ ಇದು ಸಾಕ್ಷಿ.

ನಮ್ಮ ಪಶ್ಚಿಮ ಕರಾವಳಿಗೂ ಈ ವಿಷಯ ದೂರದ್ದಲ್ಲ. 1945ರ ನವೆಂಬರ್ 28ರಂದು ಅರಬ್ಬೀ ಸಮುದ್ರದ ಉತ್ತರದ ಮಕ್ರಾನ್ ತೀರದಲ್ಲಿ ಎದ್ದ ಸುನಾಮಿ ಮುಂಬಯಿಯಲ್ಲಿಯೂ ಜೀವಗಳನ್ನು ತೆಗೆದುಕೊಂಡಿತು. 2016 ಮತ್ತು 2018ರ ಕವಾಯತುಗಳಲ್ಲಿ ಮಕ್ರಾನಿನ ಭೂಕಂಪವನ್ನೂ ಒಂದು ಪ್ರಸಂಗವಾಗಿ ಕಲ್ಪಿಸಲಾಗಿತ್ತು.

ವಿದ್ಯಾರ್ಥಿಗಳು ಈ ಕ್ರಮವನ್ನು ತಮ್ಮ ಕಾಲೇಜಿನಲ್ಲಿಯೇ ಪರೀಕ್ಷಿಸಬಹುದು. ಮಲ್ಪೆಯ ಬಂದರನ್ನೋ ತಮ್ಮೂರಿನ ಹೊಳೆಯ ನೆರೆಯನ್ನೋ ಆರಿಸಿಕೊಳ್ಳಲಿ. ಒಬ್ಬ ವಿಜ್ಞಾನಿ, ಒಬ್ಬ ತಹಶೀಲ್ದಾರ, ಒಬ್ಬ ತಂಡೇಲ, ಒಬ್ಬಳು ಮೀನು ಮಾರುವವಳು, ಒಬ್ಬ ಮುಖ್ಯೋಪಾಧ್ಯಾಯ ಎಂದು ಪಾತ್ರಗಳನ್ನು ಹಂಚಿಕೊಂಡು, ಗಡಿಯಾರವನ್ನು ಮುಂದಿಟ್ಟು, ನಿಮಿಷ ನಿಮಿಷಕ್ಕೂ ಮೇಲಿನ ಪ್ರಶ್ನೆಗಳನ್ನು ಕೇಳಲಿ. ಬಳಿಕ ಆಯಾ ಕೆಲಸದಲ್ಲಿ ನಿಜವಾಗಿ ತೊಡಗಿರುವವರ ಬಳಿಗೆ ಹೋಗಿ ತಮ್ಮ ಉತ್ತರಗಳನ್ನು ತೋರಿಸಲಿ. ತಾವು ಊಹಿಸಿದ್ದಕ್ಕೂ ಅವರು ಹೇಳುವುದಕ್ಕೂ ಎಲ್ಲೆಲ್ಲಿ ಅಂತರ ಕಾಣುವುದೋ ಅಲ್ಲಲ್ಲಿ ಗುರುತು ಹಾಕಿಕೊಳ್ಳಲಿ. ವ್ಯವಸ್ಥೆಗಳ ಶಿಲ್ಪಿಯ ಕೆಲಸ ಆ ಗುರುತುಗಳಿಂದಲೇ ಆರಂಭವಾಗುತ್ತದೆ.