ಮಣ್ಣಿನ ಗುಂಡಿಯೂ ಕುಗ್ಗುವ ಲೆಕ್ಕವೂ

ಮುಚ್ಚಳದ ಬೇಕಲೈಟ್ ಗುಂಡಿ ಒಡೆದೊಡನೆ ಮುಚ್ಚಳವನ್ನೇ ಮೂಲೆಗೆಸೆಯುವುದು ನಮ್ಮ ಮನೆಗಳಲ್ಲಿ ವಾಡಿಕೆ. ಜೇಡಿಮಣ್ಣಿನಿಂದ ಬೇರೊಂದು ಗುಂಡಿಯನ್ನು ಮಾಡಿ ಸುಡಿಸಿಕೊಂಡರೆ ಮುಚ್ಚಳವು ಮತ್ತೆ ಉಪಯೋಗಕ್ಕೆ ಬರುವುದು. ಸುಟ್ಟ ಮಣ್ಣು ಅಲ್ಯುಮಿನಿಯಮ್ಮಿನ ನೂರರಲ್ಲಿ ಒಂದು ಪಾಲಿನಷ್ಟೂ ಕಾವನ್ನು ಸಾಗಿಸದಾದ್ದರಿಂದ ಕೈ ಸುಡುವ ಭಯವೂ ಕಡಿಮೆ.

ತೊಡಕಿರುವುದು ಅಳತೆಯಲ್ಲಿ. ಹಸಿಮಣ್ಣು ಆರುವಾಗ ನೀರು ಹೊರಟುಹೋಗಿ ಕಣಗಳು ಒಂದಕ್ಕೊಂದು ಸಮೀಪಿಸುತ್ತವೆ. ಸುಡುವಾಗ ಇನ್ನಷ್ಟು ಕುಗ್ಗುವುದುಂಟು. ವಿಜಯಪುರ ಜಿಲ್ಲೆಯ ಮೋರಟಗಿಯ ಸುತ್ತಣ ಎರೆಹೊಲಗಳನ್ನು ಬೇಸಿಗೆಯಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ತನ್ನ ಪದರಗಳ ನಡುವೆಯೂ ನೀರನ್ನು ಹಿಡಿದಿಡುವುದೇ ಆ ಬಿರುಕುಗಳಿಗೆ ಕಾರಣ. ಇಂಥ ಮಣ್ಣನ್ನು ಹಾಗೆಯೇ ಬಳಸಿದರೆ ಗುಂಡಿಯು ನೆರಳಿನಲ್ಲಿಟ್ಟರೂ ಬಿರಿಯುವುದು. ಜರಡಿ ಹಿಡಿದ ಸಣ್ಣ ಮರಳನ್ನಾಗಲಿ ಹಳೆಯ ಮಡಕೆಯ ಪುಡಿಯನ್ನಾಗಲಿ ಬೆರೆಸಬೇಕು. ಒಣಗುವಾಗ ಇವು ಕುಗ್ಗುವುದಿಲ್ಲ.

ಕಲಸಿದ ಮಣ್ಣಿನ ಬಿಲ್ಲೆಯೊಂದರ ಮೇಲೆ 10 ಸೆಂಟಿಮೀಟರಿನ ಗೆರೆಯನ್ನೆಳೆದು, ಚೆನ್ನಾಗಿ ಒಣಗಿಸಿ, ಕುಂಬಾರರ ಆವಿಗೆಯಲ್ಲಿ ಮಡಕೆಗಳೊಡನೆ ಸುಡಿಸಿರಿ. ಗೆರೆಯು 9 ಸೆಂಟಿಮೀಟರಿಗೆ ಇಳಿದರೆ ಕುಗ್ಗು ಶೇಕಡ 10. ಆಗ 36 ಮಿಲಿಮೀಟರಿನ ಗುಂಡಿ ಬೇಕಾದವರು 36ನ್ನು 0.9ರಿಂದ ಭಾಗಿಸಿ, ಹಸಿಯಲ್ಲಿ 40 ಮಿಲಿಮೀಟರ್ ಇರಿಸಬೇಕು. 36ಕ್ಕೆ ಅದರ ಶೇಕಡ 10ನ್ನು ಕೂಡಿಸಿ 39.6 ಎನ್ನುವುದು ನಮ್ಮ ವಿದ್ಯಾರ್ಥಿಗಳ ನೆಚ್ಚಿನ ತಪ್ಪು.

ತಿರುಪುಮೊಳೆಯ ರಂಧ್ರದ ಗತಿಯೇನು? ಸುತ್ತಣ ಮಣ್ಣು ಕುಗ್ಗಿದರೆ ರಂಧ್ರ ಹಿಗ್ಗುವುದೆಂದು ಅನೇಕರ ಎಣಿಕೆ. ಹಾಗಲ್ಲ, ವಸ್ತುವಿನೊಡನೆ ರಂಧ್ರವೂ ಅದೇ ಪ್ರಮಾಣದಲ್ಲಿ ಕುಗ್ಗುವುದು. ತರಗತಿಯಲ್ಲಿ ಇದನ್ನೇ ಬೋಧಿಸುವ ನಾವು ಗುಂಡಿ ಮಾಡುವಾಗ ಮರೆತು, ಮೊಳೆಯನ್ನು ಬಲವಂತದಿಂದ ತೂರಿಸಹೋಗಿ ಮೊದಲನೆಯದನ್ನು ಎರಡು ಹೋಳು ಮಾಡಿದೆವು. 5 ಮಿಲಿಮೀಟರಿನ ಮೊಳೆಗೆ ಹಸಿಯಲ್ಲಿ 6 ಮಿಲಿಮೀಟರಿನ ರಂಧ್ರವಿರಲಿ. ಸುಟ್ಟ ಮೇಲೆ 5.4 ಉಳಿಯುವುದು. ಆ ಸಡಿಲು ಅವಶ್ಯ. ಉಷ್ಣತೆ ಒಂದು ಸೆಂಟಿಗ್ರೇಡ್ ಡಿಗ್ರಿ ಏರಿದಾಗ ಉಕ್ಕು ದಶಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಸುಟ್ಟ ಮಣ್ಣು ಹೆಚ್ಚುಕಡಿಮೆ ಅದರರ್ಧ. ರಂಧ್ರ ಬಿಗಿಯಾಗಿದ್ದರೆ ಮೊಳೆಯು ಒಳಗಿನಿಂದ ಗುಂಡಿಯನ್ನು ಸೀಳಬಹುದು. ಮಣ್ಣು ಅದುಮುವ ಬಲವನ್ನು ತಾಳುವಷ್ಟು ಎಳೆಯುವ ಬಲವನ್ನು ತಾಳಲಾರದು.

ಇದೇ ಗುಂಡಿಯನ್ನು ವಿದ್ಯುತ್ ಇಸ್ತ್ರಿಪೆಟ್ಟಿಗೆಯ ಮುರಿದ ಭಾಗಕ್ಕೆ ಹಾಕಬಹುದೇ ಎಂದು ಕೇಳುವವರುಂಟು. ಸರ್ವಥಾ ಕೂಡದು. ಹಿಂದೆ ಬೆಂಗಳೂರಿನ ಸರ್ಕಾರಿ ಪಿಂಗಾಣಿ ಕಾರ್ಖಾನೆಯಲ್ಲಿ ವಿದ್ಯುತ್ ತಂತಿಗಳಿಗೆಂದು ತಯಾರಾಗುತ್ತಿದ್ದಂಥ ಪಿಂಗಾಣಿಯು 1,200 ಡಿಗ್ರಿಗೂ ಮೀರಿದ ಕಾವಿನಲ್ಲಿ ಬೆಂದು, ಒಳಗೆ ಗಾಜಿನಂತಾಗಿ ನೀರು ಹೀರದು. ಕುಂಬಾರರ ಆವಿಗೆಯ ಕಾವು ಅಷ್ಟಕ್ಕೇರುವುದಿಲ್ಲ. ಮಡಕೆಯ ನೀರನ್ನು ತಂಪಾಗಿಡುವ ಸೂಕ್ಷ್ಮ ರಂಧ್ರಗಳೇ ಇಲ್ಲಿ ತೇವವನ್ನು ಹೀರಿ, ವಿದ್ಯುತ್ತಿಗೆ ದಾರಿಮಾಡಿಕೊಡುವುವು.