ಕರಾವಳಿ ಪ್ರವಾಸದ ಮೀಟರ್ ಓಡುವುದು ರಾತ್ರಿ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಹಳಬರ ಬಾಯಲ್ಲಿ ಈಗಲೂ ಅದು ಎನ್‌ಎಚ್ 17. ಬೆಳಿಗ್ಗೆ ಮಂಗಳೂರಿನಲ್ಲಿ ಬನ್ಸ್ ತಿಂದು ಹೊರಟ ಕಾರು, ಎಲ್ಲೂ ನಿಲ್ಲದಿದ್ದರೆ, ಮಧ್ಯಾಹ್ನದ ಊಟದ ಹೊತ್ತಿಗೆ ಅಂಕೋಲೆಯ ಹತ್ತಿರ ಇರುತ್ತದೆ. ಇಷ್ಟು ಚಿಕ್ಕ ದಾರಿಗೆ ಬೆಂಗಳೂರಿನ ಕುಟುಂಬಗಳು ಐದಾರು ದಿನ ರಜೆ ಹಾಕಿ, ನಲವತ್ತು ಐವತ್ತು ಸಾವಿರ ತೆಗೆದಿಟ್ಟು ಹೊರಡುತ್ತವೆ. ಹೊರಡಬೇಕಾದದ್ದೇ. ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ಹೊಳೆ ಇರುವ ಮರವಂತೆಯ ರಸ್ತೆಯನ್ನು ಗಡಿಬಿಡಿಯಲ್ಲಿ ದಾಟುವುದಕ್ಕೆ ಯಾರೂ ಘಟ್ಟ ಇಳಿದು ಬರುವುದಿಲ್ಲ.

ಆದರೆ ಖರ್ಚಿನ ಲೆಕ್ಕಕ್ಕೆ ಕೂತಾಗ ಎಲ್ಲ ಮನೆಗಳಲ್ಲೂ ಮೊದಲು ಬರುವ ಪ್ರಶ್ನೆ ಒಂದೇ: ‘ಪೆಟ್ರೋಲಿಗೆ ಎಷ್ಟಾಗುತ್ತೆ?’

ಬೆಂಗಳೂರಿನಲ್ಲಿ ನೆಲೆಸಿರುವ ಈ ಅಂಕಣಕಾರ್ತಿ ಕುಟುಂಬದೊಂದಿಗೆ ಮತ್ತೆ ಮತ್ತೆ ಈ ದಾರಿ ಹಿಡಿದವರು. ಪ್ರತಿ ಸಂಜೆ ರೂಮಿಗೆ ಬಂದ ಕೂಡಲೇ ಅಂದಿನ ಖರ್ಚನ್ನು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವರ ರೂಢಿ. ಆ ಪುಟಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾಣುವುದು ಬೇರೆಯೇ ಚಿತ್ರ. ಈ ಪ್ರವಾಸದ ಹಣ ರಸ್ತೆಯ ಮೇಲೆ ಕರಗುವುದಿಲ್ಲ, ರಾತ್ರಿಗಳಲ್ಲಿ ಕರಗುತ್ತದೆ.

ಲೆಕ್ಕ ಹೀಗಿದೆ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ., ಅಲ್ಲಿಂದ ಕಾರವಾರಕ್ಕೆ 270, ಹುಬ್ಬಳ್ಳಿ ಮೇಲೆ ಬೆಂಗಳೂರಿಗೆ ಮರಳಲು 520. ಊರೊಳಗಿನ ಸುತ್ತಾಟ ಸೇರಿ 1,300 ಕಿ.ಮೀ. ಎಂದಿಟ್ಟುಕೊಳ್ಳೋಣ. ಲೀಟರಿಗೆ 15 ಕಿ.ಮೀ. ಕೊಡುವ ಕಾರು, ಲೀಟರಿಗೆ ₹103ರ ಪೆಟ್ರೋಲ್: ಒಟ್ಟು ಸುಮಾರು ₹9,000. ಟೋಲ್‌ಗೆ ₹2,000 ತೆಗೆದಿಡಬೇಕು. ಅಪ್ಪ, ಅಮ್ಮ, ಇಬ್ಬರು ಮಕ್ಕಳಿಗೆ ₹2,500ರ ಸಾಧಾರಣ ರೂಮು, ಶೇ 5 ಜಿಎಸ್‌ಟಿ ಸೇರಿ ರಾತ್ರಿಗೆ ₹2,625. ಐದು ರಾತ್ರಿಗೆ ₹13,125. ಊಟ ತಿಂಡಿಗೆ ತಲೆಗೆ ದಿನಕ್ಕೆ ₹600ರಂತೆ ಆರು ದಿನಕ್ಕೆ ₹14,400. ದೋಣಿ, ಟಿಕೆಟ್, ಪಾರ್ಕಿಂಗ್ ಎಂದು ₹3,000. ಒಟ್ಟು ₹41,500ರ ಆಸುಪಾಸು. ಇದರಲ್ಲಿ ಮೂರನೇ ಎರಡು ಪಾಲು ರೂಮು ಮತ್ತು ಊಟದ್ದೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಇದೇ ಲೆಕ್ಕದಲ್ಲಿ ನೂರು ಕಿ.ಮೀ. ಓಡಿಸಲು ಬೇಕಾದ ಪೆಟ್ರೋಲಿಗೆ ಸುಮಾರು ₹690. ಒಂದು ರಾತ್ರಿ ಹೆಚ್ಚಾದರೆ ರೂಮು, ಊಟ ಸೇರಿ ₹5,000 ಮೀರುತ್ತದೆ. ಅಂದರೆ ಒಂದು ರಾತ್ರಿಯ ಬೆಲೆಗೆ 700 ಕಿ.ಮೀ.ಗಿಂತ ಹೆಚ್ಚು ಕಾರು ಓಡಿಸಬಹುದು. ಮಂಗಳೂರು–ಕಾರವಾರದ ನಡುವೆ ಹೋಗಿ ಬಂದು, ಮೇಲೆ ಇನ್ನಷ್ಟು ಉಳಿಯುತ್ತದೆ. ಇಷ್ಟು ಗೊತ್ತಾದ ಮೇಲೆ ‘ಕಾಪು ದೀಪಸ್ತಂಭ ನೋಡಲು ಹಿಂದಕ್ಕೆ ಹೋದರೆ ಪೆಟ್ರೋಲ್ ದಂಡ’ ಎನ್ನುವ ಮಾತಿಗೆ ಬೆಲೆ ಉಳಿಯುವುದಿಲ್ಲ. ಉಡುಪಿಯಿಂದ ಕಾಪುವಿಗೆ ಹೋಗಿ ಬರಲು ಇನ್ನೂರು ರೂಪಾಯಿಯ ಪೆಟ್ರೋಲ್ ಸಾಕು.

ಹಣ ನಿಜವಾಗಿ ಸೋರುವುದು ದಿನಕ್ಕೊಂದು ಊರು, ದಿನಕ್ಕೊಂದು ರೂಮು ಎಂಬ ಕ್ರಮದಲ್ಲಿ. ಒಂದು ರಾತ್ರಿ ಮಂಗಳೂರು, ಒಂದು ರಾತ್ರಿ ಮಲ್ಪೆ, ಮುರುಡೇಶ್ವರ, ಗೋಕರ್ಣ, ಕಾರವಾರ. ಕಾಗದದ ಮೇಲೆ ಚಂದ ಕಾಣುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ರೂಮು ಬಿಡಬೇಕು, ಮುಂದಿನ ಊರಿನ ರೂಮು ಸಿಗುವುದು ಮಧ್ಯಾಹ್ನದ ಮೇಲೆ. ನಡುವಿನ ಹೊತ್ತೆಲ್ಲ ಬ್ಯಾಗು ಕಟ್ಟುವುದು, ಬಿಚ್ಚುವುದು, ಮಕ್ಕಳ ಒದ್ದೆ ಬಟ್ಟೆಯನ್ನು ಕವರಿಗೆ ತುರುಕುವುದು, ಹಸಿವೆಗೆ ಸಿಕ್ಕಿದ ದುಬಾರಿ ಹೋಟೆಲಿನಲ್ಲಿ ಕೂರುವುದು. ದಿನಕ್ಕೆ ಐದು ಸಾವಿರ ಕೊಟ್ಟು ಅರ್ಧ ದಿನ ಹೀಗೆ ಕಳೆದರೆ ಎರಡೂವರೆ ಸಾವಿರ ಹೋಯಿತೆಂದೇ ಲೆಕ್ಕ.

ಈ ಅಂಕಣಕಾರ್ತಿ ಈಗ ಎರಡೇ ಠಿಕಾಣಿ ಹೂಡುತ್ತಾರೆ: ದಕ್ಷಿಣಕ್ಕೆ ಉಡುಪಿ, ಉತ್ತರಕ್ಕೆ ಕುಮಟಾ. ಉಡುಪಿಯಲ್ಲಿ ಕೂತರೆ ಮಲ್ಪೆ, ಕಾಪು, ಪಡುಬಿದ್ರಿ, ಸುರತ್ಕಲ್ ದೀಪಸ್ತಂಭ ಎಲ್ಲವೂ ಕೈಯಳತೆಯಲ್ಲಿವೆ. ಕುಮಟಾಕ್ಕೆ ಹೋಗುವ ದಿನ ಮರವಂತೆ, ಮುರುಡೇಶ್ವರ, ಹೊನ್ನಾವರದ ಶರಾವತಿ ಸೇತುವೆ ದಾರಿಯಲ್ಲೇ ಸಿಗುತ್ತವೆ. ಕುಮಟಾದಿಂದ ಗೋಕರ್ಣ ಒಂದು ದಿನ, ಕಾರವಾರ ಒಂದು ದಿನ. ಸೀಸನ್ನಿನಲ್ಲಿ ಗೋಕರ್ಣದ ಕಡಲತೀರದ ರೂಮಿಗಿಂತ ಕುಮಟಾ ಪೇಟೆಯ ಲಾಡ್ಜು ಅಗ್ಗ, ಮತ್ತು ಒಂದೇ ಕಡೆ ಎರಡು ಮೂರು ರಾತ್ರಿ ಉಳಿಯುವವರಿಗೆ ಬಾಡಿಗೆ ಇಳಿಸಲು ಮಾಲೀಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಕೇಳಬೇಕು ಅಷ್ಟೆ.

ಟೋಲ್‌ನಲ್ಲೂ ಇದರಿಂದ ಉಳಿತಾಯವಿದೆ. ಮಂಗಳೂರು–ಕಾರವಾರದ ನಡುವೆ ಹೆಜಮಾಡಿ, ಸಾಸ್ತಾನ, ಬೈಂದೂರಿನ ಶಿರೂರು, ಕುಮಟಾದ ಹೊಳೆಗದ್ದೆ, ಅಂಕೋಲಾದ ಹಟ್ಟಿಕೇರಿ ಟೋಲ್‌ಗಳಿವೆ. ಜನರ ದೀರ್ಘ ಹೋರಾಟದ ಬಳಿಕ 2022ರ ಡಿಸೆಂಬರ್ 1ರಿಂದ ಸುರತ್ಕಲ್ ಟೋಲ್ ನಿಂತಿದೆ. ಒಂದೇ ಪ್ಲಾಜಾ ಮೂಲಕ 24 ಗಂಟೆಯೊಳಗೆ ಮರಳಿದರೆ ಹೋಗುವುದು ಬರುವುದು ಸೇರಿ ಒಂದೂವರೆ ಪಟ್ಟು ಶುಲ್ಕವಷ್ಟೇ ಕಡಿತವಾಗುತ್ತದೆ. ಕುಮಟಾದಿಂದ ಕಾರವಾರಕ್ಕೆ ಹೋಗಿ ಅದೇ ರಾತ್ರಿ ಮರಳುವವರಿಗೆ ಹಟ್ಟಿಕೇರಿಯಲ್ಲಿ ಈ ರಿಯಾಯಿತಿ ತಾನಾಗಿ ಸಿಗುತ್ತದೆ.

ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಗ್ಗೆ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. 2025ರ ಆಗಸ್ಟ್ 15ರಂದು ಶುರುವಾದಾಗ ಅದಕ್ಕೆ ₹3,000. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಟೋಲ್ ಸರಾಸರಿ ₹75 ಎಂದುಕೊಂಡರೂ ಹಣ ಹುಟ್ಟಬೇಕಾದರೆ ವರ್ಷಕ್ಕೆ 40 ಬಾರಿ ಟೋಲ್ ದಾಟಬೇಕು. ತಿಂಗಳಿಗೊಮ್ಮೆ ಊರಿಗೆ ಹೋಗಿಬರುವವರು ಕಣ್ಣುಮುಚ್ಚಿ ಕೊಳ್ಳಬಹುದು. ವರ್ಷಕ್ಕೊಂದು ಪ್ರವಾಸ ಮಾಡುವವರಿಗೆ ಬೇಡ.

ಇನ್ನು ದೀಪಸ್ತಂಭಗಳು. ಇಡೀ ಪ್ರವಾಸದಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಸಂತೋಷ ಕೊಡುವವು ಇವೇ. ಕಾಪುವಿನದು 1901ರದು, ಕಡಲಂಚಿನ ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆ ಹೊತ್ತು ನಿಂತಿದೆ. ಮೊದಲು ಬಂಡೆ ಹತ್ತಬೇಕು, ಆಮೇಲೆ ಒಳಗಿನ ಸುರುಳಿ ಮೆಟ್ಟಿಲು. ಮೇಲಕ್ಕೆ ಹೋದಂತೆ ದಾರಿ ಇಕ್ಕಟ್ಟಾಗುತ್ತದೆ, ಇಳಿಯುವವರಿಗೆ ಜಾಗ ಬಿಟ್ಟು ಗೋಡೆಗೆ ಒರಗಿ ನಿಲ್ಲಬೇಕು. ತುದಿಯ ಸಣ್ಣ ಬಾಗಿಲಿನಿಂದ ಹೊರಗೆ ಕಾಲಿಟ್ಟ ಕೂಡಲೇ ಗಾಳಿ ದುಪಟ್ಟಾ ಎಳೆಯುತ್ತದೆ. ಕೆಳಗೆ ತೆಂಗಿನ ತೋಟ, ಎದುರು ಬರೀ ನೀರು. ಟಿಕೆಟ್ ಒಂದು ಲೋಟ ಚಹಾದ ಆಸುಪಾಸಿನದು. ಆದರೆ ಮೇಲೆ ಬಿಡುವುದು ಸಂಜೆಯ ಕೆಲವೇ ಗಂಟೆ. ಹಾಗಾಗಿ ದಿನದ ಕಾರ್ಯಕ್ರಮವನ್ನು ದೀಪಸ್ತಂಭದ ಸಮಯದಿಂದ ಹಿಂದಕ್ಕೆ ಜೋಡಿಸಿಕೊಂಡು ಬರಬೇಕು: ಬೆಳಿಗ್ಗೆ ಮಲ್ಪೆಯ ದೋಣಿ, ಮಧ್ಯಾಹ್ನ ಉಡುಪಿಯಲ್ಲಿ ಊಟ, ಸಂಜೆ ಕಾಪು.

ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ ಇನ್ನೂ ಹಳೆಯದು, 1864ರದು. ಅಲ್ಲಿಗೆ ದೋಣಿ ಬೇಕು, ಖರ್ಚೂ ಹೆಚ್ಚು. ದಡದಲ್ಲಿರುವ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಕತ್ತಲಾಗುವವರೆಗೆ ಕೂರಲು ಮಾತ್ರ ಯಾವ ಶುಲ್ಕವೂ ಇಲ್ಲ.

ಹಣಕಾಸಿನ ಬಗ್ಗೆ ಬರೆಯುವವರಿಗೆ ದೀಪಸ್ತಂಭದ ಮೇಲೆ ಪ್ರೀತಿ ಇರಲು ಇನ್ನೊಂದು ಕಾರಣವಿದೆ. ಬೆಳಕು ಎಲ್ಲ ಹಡಗಿಗೂ ಕಾಣುತ್ತದೆ; ಹಣ ಕೊಡದವನಿಗೆ ಮಾತ್ರ ಕಾಣದಂತೆ ಅದನ್ನು ಮುಚ್ಚಲಾಗದು. ಅದಕ್ಕೇ ಪಾಲ್ ಸ್ಯಾಮ್ಯುಯೆಲ್ಸನ್ ತಮ್ಮ ಪ್ರಸಿದ್ಧ ಅರ್ಥಶಾಸ್ತ್ರ ಪಠ್ಯದಲ್ಲಿ ಅದನ್ನು ಸರ್ಕಾರವೇ ಒದಗಿಸಬೇಕಾದ ಸೇವೆಗೆ ಉದಾಹರಣೆಯಾಗಿ ಕೊಟ್ಟರು. ರೊನಾಲ್ಡ್ ಕೋಸ್ 1974ರ ಲೇಖನವೊಂದರಲ್ಲಿ ಇದನ್ನು ಪ್ರಶ್ನಿಸಿದರು. ಇಂಗ್ಲೆಂಡಿನಲ್ಲಿ ಖಾಸಗಿಯವರೂ ದೀಪಸ್ತಂಭ ಕಟ್ಟಿದ್ದರು, ಶುಲ್ಕವನ್ನು ಬಂದರಿಗೆ ಬಂದ ಹಡಗುಗಳಿಂದ ವಸೂಲಿ ಮಾಡಲಾಗುತ್ತಿತ್ತು ಎಂದು ತೋರಿಸಿದರು. ಭಾರತದಲ್ಲಿ ದೀಪಸ್ತಂಭಗಳು ಕೇಂದ್ರ ಸರ್ಕಾರದವು, ಆದರೂ ಅವುಗಳ ಖರ್ಚಿಗೆ ಬಂದರಿಗೆ ಬರುವ ಹಡಗುಗಳು ಶುಲ್ಕ ತೆರುತ್ತವೆ. 1927ರ ಕಾಯ್ದೆಯಲ್ಲಿ ಇದ್ದ ಈ ವ್ಯವಸ್ಥೆ 2021ರ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. 2024ರ ಫೆಬ್ರುವರಿಯಲ್ಲಿ ದೇಶದ 75 ದೀಪಸ್ತಂಭಗಳನ್ನು ಪ್ರವಾಸಿ ಸೌಲಭ್ಯಗಳೊಂದಿಗೆ ಲೋಕಾರ್ಪಣೆ ಮಾಡಲಾಯಿತು. ಹಡಗಿನವರು ಕೊಟ್ಟ ಹಣದಲ್ಲಿ ಉರಿಯುವ ದೀಪದ ಬುಡದಲ್ಲಿ ನಿಂತು ಪ್ರವಾಸಿ ಸೂರ್ಯಾಸ್ತ ನೋಡುತ್ತಾನೆ.

ಊಟದ ಲೆಕ್ಕ ತಪ್ಪುವುದು ಮೀನಿನಲ್ಲಿ. ಕರಾವಳಿಯ ಹೋಟೆಲುಗಳ ಮೆನುವಿನಲ್ಲಿ ಮೀನಿನ ಊಟಕ್ಕೆ ದರ ಇರುತ್ತದೆ. ಅಂಜಲ್, ಪಾಂಫ್ರೆಟ್, ಕಾಣೆಯ ಎದುರು ಹೆಚ್ಚಾಗಿ ‘ಗಾತ್ರಕ್ಕೆ ತಕ್ಕಂತೆ’ ಎಂದಷ್ಟೇ ಇರುತ್ತದೆ. ಉಡುಪಿಯ ಒಂದು ಸಣ್ಣ ಹೋಟೆಲಿನಲ್ಲಿ ಬಡಿಸುವ ಹುಡುಗ ಕೆಂಪು ಮಸಾಲೆ ಮೆತ್ತಿದ ಹಸಿ ಮೀನುಗಳ ತಟ್ಟೆಯನ್ನೇ ಮೇಜಿಗೆ ತಂದು ತೋರಿಸಿದ. ಅಂಕಣಕಾರ್ತಿ ಅಂಜಲ್ ತುಂಡಿನತ್ತ ಬೆರಳು ತೋರಿಸಿ, ‘ಇದಕ್ಕೆ ಎಷ್ಟಾಗ್ತದೆ ತಮ್ಮಾ?’ ಎಂದು ಕೇಳಿದರು. ಅವನು ಸುಳ್ಳು ಹೇಳಲಿಲ್ಲ. ‘ಅಂಜಲ್ ಇವತ್ತು ರೇಟ್ ಜಾಸ್ತಿ ಉಂಟು ಅಕ್ಕಾ. ಬಂಗುಡೆ ತಗೊಳ್ಳಿ, ಬೆಳಿಗ್ಗೆ ಮಲ್ಪೆಯಿಂದ ಬಂದದ್ದು.’ ಅಂದು ನಾಲ್ಕು ಜನ ಕುಚ್ಚಲಕ್ಕಿ ಅನ್ನ, ಸಾರು, ಬಂಗುಡೆ ತವಾ ಫ್ರೈ ಉಂಡು ಎದ್ದಾಗ ಆದ ಬಿಲ್ಲು ಒಂದು ಅಂಜಲ್ ಪ್ಲೇಟು ಸೇರಿದ್ದರೆ ಆಗುತ್ತಿದ್ದುದಕ್ಕಿಂತ ಎಷ್ಟೋ ಕಡಿಮೆ. ರುಚಿಯಲ್ಲಿ ಏನೂ ಕೊರತೆಯಾಗಲಿಲ್ಲ. ದರ ಕೇಳುವುದಕ್ಕೆ ಕರಾವಳಿಯಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಹಸಿ ಮೀನು ಕಡಿಮೆ, ಬೆಲೆ ಹೆಚ್ಚು.

ಮಳೆಗಾಲದಲ್ಲಿ ರೂಮು ಅಗ್ಗ ಎಂಬುದು ನಿಜ. ಆದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ, ಕಡಲಿಗೆ ಇಳಿಯುವಂತಿಲ್ಲ. ರಸ್ತೆಯ ಭರವಸೆಯೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಹಲವು ದಿನ ಬಂದ್ ಆಗಿತ್ತು. ಮೂರೇ ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಮಳೆಗಾಲದ ಒಂದು ಪ್ರವಾಸ ರದ್ದಾದಾಗ ಉತ್ತರ ಕನ್ನಡದ ಹೋಂಸ್ಟೇ ಒಂದು ಈ ಅಂಕಣಕಾರ್ತಿಗೆ ಮುಂಗಡವನ್ನೂ ಮರಳಿಸಲಿಲ್ಲ, ಬೇರೆ ದಿನಾಂಕವನ್ನೂ ಕೊಡಲಿಲ್ಲ. ಹಣ ಕಳಿಸುವ ಮುಂಚೆ ‘ದಾರಿ ಬಂದ್ ಆದರೆ ದಿನಾಂಕ ಬದಲಿಸಿ ಕೊಡುತ್ತೀರಾ?’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರಹದಲ್ಲೇ ಕೇಳಿ ಉತ್ತರ ಪಡೆಯುವುದು ಕ್ಷೇಮ.

ದಿನಾಂಕ ಆರಿಸುವಾಗ ಪಂಚಾಂಗವನ್ನೂ ನೋಡಬೇಕು. ಡಿಸೆಂಬರ್ ಕೊನೆಯ ವಾರ ಗೋಕರ್ಣದಲ್ಲಿ ಬಾಡಿಗೆ ಏರುತ್ತದೆ, ಶಿವರಾತ್ರಿಗೆ ರೂಮೇ ಸಿಗುವುದು ಕಷ್ಟ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ಹೊತ್ತಿಗೆ ಉಡುಪಿಯದೂ ಅದೇ ಕಥೆ.

ದೊಡ್ಡ ರೆಸಾರ್ಟ್ ಬಯಸುವವರು ₹7,500ರ ಗೆರೆ ನೆನಪಿಡಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಶೇ 5 ಜಿಎಸ್‌ಟಿ, ಅದನ್ನು ಮೀರಿದರೆ ಶೇ 18. ₹7,500ರ ರೂಮಿಗೆ ಒಟ್ಟು ₹7,875. ₹7,600ರ ರೂಮಿಗೆ ₹8,968. ನೂರು ರೂಪಾಯಿ ಹೆಚ್ಚಿನ ರೂಮಿಗೆ ₹1,093 ಹೆಚ್ಚು ಕೊಟ್ಟಂತಾಯಿತು.

ಇಬ್ಬರೇ ಹೊರಡುವುದಾದರೆ ಕಾರೇ ಬೇಕೆಂದಿಲ್ಲ. ಬೆಂಗಳೂರಿನಿಂದ ಕಾರವಾರಕ್ಕೆ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿ, ಕುಮಟಾಗಳ ಮೇಲೆಯೇ ಹೋಗುತ್ತದೆ, ಆಮೇಲೆ ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಮಂಗಳೂರು–ಉಡುಪಿ–ಕುಂದಾಪುರದ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿ ಟಿಕೆಟ್ ಕೊಳ್ಳಲೇಬೇಕು.

ಇಷ್ಟು ಹಣ ಎಲ್ಲಿಂದ ಬರಬೇಕು? ಕ್ರೆಡಿಟ್ ಕಾರ್ಡಿನಿಂದಲ್ಲ. ಬಾಕಿ ಉಳಿಸಿಕೊಂಡರೆ ಹಲವು ಕಾರ್ಡುಗಳ ಬಡ್ಡಿ ವರ್ಷಕ್ಕೆ ಶೇ 36 ದಾಟುತ್ತದೆ. ಕಾಪುವಿನಲ್ಲಿ ತೆಗೆದ ಫೋಟೊ ಹಳತಾದ ಮೇಲೂ ಅದರ ಕಂತು ಕಟ್ಟುವ ಪಾಡು ಯಾವ ಮನೆಗೂ ಬೇಡ. ₹42,000 ಎಂದರೆ ತಿಂಗಳಿಗೆ ₹3,500ರಂತೆ ಹನ್ನೆರಡು ತಿಂಗಳು. ಮುಂದಿನ ವರ್ಷ ಮಕ್ಕಳಿಗೆ ದೀಪಸ್ತಂಭ ತೋರಿಸಬೇಕೆಂದಿರುವವರು ಈ ತಿಂಗಳೇ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಒಂದು ಆರ್‌ಡಿ ತೆರೆಯಿರಿ. ಸಂಬಳ ಬಂದ ಮರುದಿನವೇ ಕಂತು ಕಡಿತವಾಗುವಂತೆ ದಿನಾಂಕ ಕೊಡಿ.